ಗಣಿ ನಿಂತ ಮೇಲೆ ಉಳಿದ ಊರು: ಹಟ್ಟಿ ಮತ್ತು ಕೋಲಾರದ ಎರಡು ಮುಚ್ಚುಗಡೆಗಳು

ತುಂಗಭದ್ರೆಯ ದಂಡೆಯಲ್ಲಿರುವ ದಢೇಸುಗೂರಿನಿಂದ ಸಿಂಧನೂರು, ಮಸ್ಕಿಗಳನ್ನು ಹಾದು ಲಿಂಗಸುಗೂರಿನತ್ತ ಹಬ್ಬಿರುವ ಸೀಮೆ ರಾಯಚೂರು ಜಿಲ್ಲೆಯೊಂದರೊಳಗೇ ಎರಡು ಬಗೆಯ ದುಡಿಮೆಯ ಚರಿತ್ರೆಯನ್ನು ಅಡಗಿಸಿಕೊಂಡಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಗಂಗಾವತಿಯಿಂದ ಸಿಂಧನೂರು, ಮಾನ್ವಿಗಳವರೆಗೆ ಚಾಚಿಕೊಂಡ ಮೇಲೆ, ಜೋಳ ಹತ್ತಿಗಳನ್ನು ನಂಬಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ದಢೇಸುಗೂರಿನ ಕೃಷಿ ಸಂಶೋಧನಾ ಕೇಂದ್ರ ಆ ಹೊಸ ಬೇಸಾಯಕ್ಕೆ ಬೇಕಾದ ತಿಳಿವಳಿಕೆಯನ್ನು ಒದಗಿಸುವ ಕೆಲಸ ಮಾಡಿತು. ಪಶ್ಚಿಮಕ್ಕೆ, ಲಿಂಗಸುಗೂರು ತಾಲ್ಲೂಕಿನ ಎತ್ತರದ ನೆಲದಲ್ಲಿ, ಆ ಕಾಲುವೆ ಮುಟ್ಟದ ಊರುಗಳಿಗೆ ಮಳೆಯನ್ನು ಬಿಟ್ಟರೆ ಇದ್ದ ದೊಡ್ಡ ಆಸರೆಯೆಂದರೆ ಹಟ್ಟಿಯ ಚಿನ್ನದ ಗಣಿ. ಭಾರತದಲ್ಲಿ ನೆಲದಾಳದ ಅದಿರಿನಿಂದ ಚಿನ್ನ ತೆಗೆಯುವ ಹಳೆಯ ಗಣಿಗಳ ಪೈಕಿ ಇಂದಿಗೂ ನಡೆಯುತ್ತಿರುವುದು ಇದು. ಇದರ ಒಡಹುಟ್ಟಿನಂತಿದ್ದ, ಇದಕ್ಕಿಂತ ಹಲವು ಪಟ್ಟು ದೊಡ್ಡದಾಗಿದ್ದ ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್., 2001ರಲ್ಲಿ ಮುಚ್ಚಿತು. ಹಟ್ಟಿಯೂ ಅದಕ್ಕಿಂತ ಎಂಬತ್ತು ವರ್ಷ ಹಿಂದೆ ಒಮ್ಮೆ ಮುಚ್ಚಿದ್ದ ಗಣಿಯೇ. ಈ ಎರಡು ಮುಚ್ಚುಗಡೆಗಳನ್ನು ಜೊತೆಗಿಟ್ಟು ನೋಡಿದಾಗ, ಕೆಲಸ ಹೋದವನಿಗೆ ಹಣ ಕೊಡುವುದು ಬೇರೆ, ಕೆಲಸ ಹೋದ ಊರನ್ನು ನಿಲ್ಲಿಸುವುದು ಬೇರೆ ಎಂಬ ಭೇದ ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದನ್ನು ಕಾನೂನು ಒಂದಿಷ್ಟು ಕಲಿತಿತು, ಎರಡನೆಯದನ್ನು ಕೆ.ಜಿ.ಎಫ್.ನ ಮಟ್ಟಿಗೆ ಯಾರೂ ಹೊಣೆಯಾಗಿ ವಹಿಸಿಕೊಳ್ಳಲಿಲ್ಲ.

ಹಟ್ಟಿಯ ಸೀಮೆಯಲ್ಲಿ ಗಣಿಗಾರಿಕೆ ಬ್ರಿಟಿಷರಿಂದ ಆರಂಭವಾದದ್ದಲ್ಲ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಬಿರುಕುಬಿಡಿಸುವ ಪುರಾತನ ಕ್ರಮದಿಂದ ಇಲ್ಲಿನ ಜನ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರೆಂಬುದಕ್ಕೆ ಹಳೆಯ ಸುರಂಗಗಳೂ ಅವುಗಳಲ್ಲಿ ಸಿಕ್ಕ ಆಸರೆಯ ಮರದ ತುಂಡುಗಳೂ ಸಾಕ್ಷಿಯಾಗಿವೆ. ಆ ಮರದ ಕಾಲನಿರ್ಣಯ ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಅಶೋಕನ ಹೆಸರನ್ನು ನೇರವಾಗಿ ಹೇಳುವ ಕಾರಣಕ್ಕೆ ಪ್ರಸಿದ್ಧವಾದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವನು ಪುರಾತತ್ವ ಪಂಡಿತನಲ್ಲ, ಚಿನ್ನದ ನಿಕ್ಷೇಪ ಹುಡುಕುತ್ತ ಆ ಕಡೆ ತಿರುಗುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಮೌರ್ಯರ ದಕ್ಷಿಣದ ಶಾಸನಗಳು ಈ ಭಾಗದಲ್ಲಿ ದಟ್ಟವಾಗಿರುವುದಕ್ಕೂ ಇಲ್ಲಿನ ಚಿನ್ನಕ್ಕೂ ನಂಟಿರಬೇಕೆಂದು ಇತಿಹಾಸಕಾರರು ಊಹಿಸಿದ್ದಾರೆ. ಆದರೆ ಅಷ್ಟು ಆಳಕ್ಕಿಳಿದು ಬಂಡೆ ಒಡೆದ ಜನರ ಬಗ್ಗೆ ಯಾವ ಶಾಸನವೂ ಮಾತಾಡುವುದಿಲ್ಲ, ಮತ್ತು ಈ ಮೌನ ಗಣಿಯ ಚರಿತ್ರೆಯ ಉದ್ದಕ್ಕೂ ಮುಂದುವರಿದಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜಾಮನ ಸರ್ಕಾರದಿಂದ ಗಣಿ ಹಕ್ಕು ಪಡೆದ ಬ್ರಿಟಿಷ್ ಕಂಪನಿಗಳು ಈ ಸೀಮೆಗೆ ಕಾಲಿಟ್ಟವು. ವಂದಲಿ, ತೊಪ್ಪಲದೊಡ್ಡಿ ಮೊದಲಾದೆಡೆ ಪ್ರಯತ್ನಗಳು ನಡೆದವು. ಅವುಗಳಲ್ಲಿ ಗಟ್ಟಿಯಾಗಿ ನಿಂತದ್ದು ಹಟ್ಟಿಯ ಗಣಿ. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕ ಅಲ್ಲಿ ಕೆಲಸ ಸಾಗಿತು. ಮೊದಲ ಮಹಾಯುದ್ಧ ಬಂಡವಾಳವನ್ನೂ ಸಾಮಗ್ರಿಯನ್ನೂ ದುರ್ಲಭಗೊಳಿಸಿ, ಆಳ ಹೆಚ್ಚಿದಂತೆ ಖರ್ಚೂ ಏರಿ, 1920ರ ಹೊತ್ತಿಗೆ ಕಂಪನಿ ಗಣಿಯನ್ನು ಮುಚ್ಚಿ ಹೊರಟುಹೋಯಿತು. ಅದಕ್ಕೆ ಎರಡು ವರ್ಷ ಹಿಂದಷ್ಟೇ ಇನ್‌ಫ್ಲುಯೆಂಜಾ ದೇಶವನ್ನು ಹರಿದು ಮುಕ್ಕಿತ್ತು. ಕೆಲಸದಿಂದ ತೆಗೆದವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಅಂದು ಬ್ರಿಟಿಷ್ ಭಾರತದಲ್ಲೂ ಇರಲಿಲ್ಲ, ಹೈದರಾಬಾದ್ ಸಂಸ್ಥಾನದಲ್ಲೂ ಇರಲಿಲ್ಲ. ಕೂಲಿಯವನಿಗೆ ಕೊನೆಯ ವಾರದ ಬಟವಾಡೆಯ ಆಚೆಗೆ ಕೇಳಲು ಹಕ್ಕಿನ ಮಾತೇ ಇರದಿದ್ದ ಕಾಲವದು. ಹೊಲವಿದ್ದವರಿಗೆ ಹೊಲವಿತ್ತು; ಇಲ್ಲದವರಿಗೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಭಾಗದ ಜನ ಹಿಡಿಯುತ್ತ ಬಂದ ದಾರಿ ತೆರೆದಿತ್ತು. ಆ ದಾರಿಗೆ ಗುಳೆ ಎಂದು ಹೆಸರು: ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು, ಕೂಲಿ ಸಿಗುವ ದೂರದ ಊರಿಗೆ ಹೋಗಿ ಮುಂದಿನ ಮಳೆಗಾಲಕ್ಕೆ ಮರಳುವುದು. ಗಣಿ ಮುಚ್ಚಿದರೂ ಬರ ಬಂದರೂ ಬಡವನಿಗೆ ಒದಗುತ್ತಿದ್ದ ಏಕೈಕ ನೆರವು ಅವನ ಕಾಲುಗಳೇ ಆಗಿದ್ದವು.

ಹಟ್ಟಿಯ ಅದೃಷ್ಟ ಬೇರೆಯಾಗಿತ್ತು. 1937ರ ಸುಮಾರಿಗೆ ಹೈದರಾಬಾದ್ ಸರ್ಕಾರ ಹಳೆಯ ಗಣಿಗಳ ಮರುಪರಿಶೀಲನೆಗೆ ಕೈಹಾಕಿತು. ಹತ್ತು ವರ್ಷಗಳ ತಯಾರಿಯ ನಂತರ 1947ರ ಜುಲೈ 8ರಂದು ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು, ಮರುವರ್ಷ ಚಿನ್ನದ ಉತ್ಪಾದನೆ ಶುರುವಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ರಾಜ್ಯ ಸರ್ಕಾರದ ಕೈಗೆ ಬಂತು. ಮುಚ್ಚಿದ ಗಣಿಯನ್ನು ಮತ್ತೆ ತೆರೆದದ್ದು ಖಾಸಗಿ ಬಂಡವಾಳವಲ್ಲ, ಸರ್ಕಾರದ ಬೊಕ್ಕಸ ಮತ್ತು ತಾಳ್ಮೆ ಎಂಬುದನ್ನು ಗಮನಿಸಬೇಕು. ಏಕೆಂದರೆ ಅರ್ಧ ಶತಮಾನದ ನಂತರ ಕೋಲಾರದಲ್ಲಿ ಕಾರ್ಮಿಕರು ಬೇಡಿದ್ದೂ ಅಂಥದೇ ತಾಳ್ಮೆಯನ್ನು.

ಕೋಲಾರದ ಕಥೆ 1870ರ ದಶಕದಲ್ಲಿ ತೊಡಗುತ್ತದೆ. ಸೈನ್ಯದಿಂದ ನಿವೃತ್ತನಾದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಮೂಲದವನು ಮೈಸೂರು ಸರ್ಕಾರದಿಂದ ಪಡೆದ ಗಣಿ ಪರವಾನಗಿ ಕೈಯಿಂದ ಕೈಗೆ ಸಾಗಿ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತಕ್ಕೆ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ ಎಂಬ ಗಣಿಗಳು ಒಂದರ ಪಕ್ಕ ಒಂದು ಆಳಕ್ಕಿಳಿದವು. ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗಳಿಗೆ ಮುಟ್ಟಿತು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು ಬೆಳಗಿದ್ದು ಕೆ.ಜಿ.ಎಫ್.ನ ದೀಪಗಳು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿ, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಆ ಚಿನ್ನವನ್ನು ತೆಗೆದ ಕೈಗಳು ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು, ಕೋಲಾರದ ಹಳ್ಳಿಗಳಿಂದ ಬಂದ ದಲಿತರದ್ದು. ಊರಿನಲ್ಲಿ ಗೌಡನ ಹೊಲದ ಜೀತದಿಂದ ತಪ್ಪಿಸಿಕೊಂಡು ಬಂದವರಿಗೆ ಗಣಿ ಅಪಾಯದ ಜಾಗವಾಗಿದ್ದಂತೆಯೇ ಬಿಡುಗಡೆಯ ಜಾಗವೂ ಆಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ಹುಟ್ಟಿತು. ಶಾಲೆ, ಓದುಮನೆ, ಪತ್ರಿಕೆಗಳ ಮೂಲಕ ಸ್ವಾಭಿಮಾನದ ಭಾಷೆಯೊಂದು ಬೆಳೆಯಿತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ದಾಖಲಿಸುವ ಕಂಪನಿಯ ಆದೇಶವನ್ನು ಅವಮಾನವೆಂದು ಭಾವಿಸಿದ ಜನ 21 ದಿನ ಕೆಲಸಕ್ಕಿಳಿಯದೆ ಗಣಿಗಳನ್ನು ನಿಲ್ಲಿಸಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಇವು ಕೂಲಿಯ ದರಕ್ಕಷ್ಟೇ ಸೀಮಿತವಾದ ಹೋರಾಟಗಳಲ್ಲ; ಗಣಿಯ ಊರನ್ನು ತಮ್ಮದೆಂದು ಸಾಧಿಸಿಕೊಂಡ ಜನರ ಹೋರಾಟಗಳು.

ಅದರ ಬೆಲೆ ಶ್ವಾಸಕೋಶದಲ್ಲಿತ್ತು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಒಳಸೇರಿ ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ಎಂಬ ರೋಗಕ್ಕೆ ಮದ್ದಿಲ್ಲ. ಒಮ್ಮೆ ಬಂದರೆ ಧೂಳು ಬಿಟ್ಟು ದೂರ ಹೋದರೂ ಅದು ಮುಂದುವರಿಯುತ್ತದೆ. 1940ರ ದಶಕದಲ್ಲಿ ಕೆ.ಜಿ.ಎಫ್.ನ 7,653 ಕಾರ್ಮಿಕರನ್ನು ಪರೀಕ್ಷಿಸಿದ ಸಮೀಕ್ಷೆಯೊಂದು ಅವರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಈ ರೋಗ ತಗುಲಿದ್ದನ್ನು ಕಂಡಿತು. ಇದರ ಜೊತೆಗೆ, ಮೈಲುಗಟ್ಟಲೆ ಬಂಡೆಯ ಭಾರದಿಂದ ಸುರಂಗದ ಗೋಡೆ ಒಮ್ಮೆಲೇ ಸಿಡಿದು ಬೀಳುವ ಬಂಡೆಸಿಡಿತಗಳು ಕೋಲಾರದಲ್ಲಿ ಪದೇ ಪದೇ ಸಂಭವಿಸಿ ಜೀವಗಳನ್ನು ತೆಗೆದವು. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ಜಗತ್ತು ಮೊದಲು ಗುರುತಿಸಿದ ತಾಣಗಳಲ್ಲಿ ಈ ಗಣಿಯೂ ಒಂದು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರ ವಿಜ್ಞಾನ ಸಂಸ್ಥೆ ಇಲ್ಲೇ ಸ್ಥಾಪನೆಯಾಯಿತು. ವಿಜ್ಞಾನಕ್ಕೆ ಆಳ ಒದಗಿಸಿದವರು ಅದೇ ಕೊರೆಯುವವರು, ಅದೇ ಗಾಡಿ ತಳ್ಳುವವರು.

ಮುಚ್ಚುಗಡೆಯ ಪರಿಣಾಮವನ್ನು ಅಳೆಯಲು ಗಣಿ ಕಂಪನಿ ಆ ಊರಿಗೆ ಏನಾಗಿತ್ತೆಂಬುದನ್ನು ತಿಳಿಯಬೇಕು. ಕುಡಿಯುವ ನೀರು ಬೇತಮಂಗಲದ ಪಾಲಾರ್ ಜಲಾಶಯದಿಂದ ಕಂಪನಿಯ ಕೊಳವೆಗಳಲ್ಲಿ ಬರುತ್ತಿತ್ತು. ಸಾಲುಮನೆಗಳು ಕಂಪನಿಯವು, ಅವುಗಳ ದೀಪವೂ ಕಂಪನಿಯದು, ಆಸ್ಪತ್ರೆ ಕಂಪನಿಯದು, ಶಾಲೆ ಆಟದ ಮೈದಾನಗಳಿಗೂ ಕಂಪನಿಯದೇ ಆಸರೆ. ದಿನವನ್ನು ಮೂರು ಪಾಳಿಗಳಾಗಿ ಹಂಚುತ್ತಿದ್ದದ್ದು ಕಂಪನಿಯ ಸೈರನ್. ಬೇರೆ ಊರುಗಳಲ್ಲಿ ಪುರಸಭೆ, ಜಿಲ್ಲಾ ಆಸ್ಪತ್ರೆ, ವಿದ್ಯುತ್ ಮಂಡಳಿಗಳು ಹಂಚಿಕೊಂಡು ಮಾಡುವ ಕೆಲಸವನ್ನು ಗಣಿ ಬಡಾವಣೆಗಳಲ್ಲಿ ಒಬ್ಬನೇ ಮಾಲೀಕ ಮಾಡುತ್ತಿದ್ದ. ಹೀಗಿರುವಲ್ಲಿ ಗಣಿ ಮುಚ್ಚುವುದೆಂದರೆ ಉದ್ಯೋಗ ಹೋಗುವುದಷ್ಟೇ ಅಲ್ಲ, ಸ್ಥಳೀಯ ಸರ್ಕಾರವೇ ರಾತ್ರೋರಾತ್ರಿ ಇಲ್ಲವಾಗುವುದು. ಕೆ.ಜಿ.ಎಫ್.ನ ನಂತರದ ಚರಿತ್ರೆಯಲ್ಲಿ ಅತ್ಯಂತ ಕಡಿಮೆ ಲೆಕ್ಕಕ್ಕೆ ಬಂದ ಸಂಗತಿ ಇದೇ.

1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರದ ವಶಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಜನರ ಬಾಯಲ್ಲಿ ಬಿಜಿಎಂಎಲ್, ಹುಟ್ಟಿತು. ಆ ಹೊತ್ತಿಗೆ ಅದಿರು ಬಡವಾಗಿತ್ತು. ಆರಂಭದ ವರ್ಷಗಳಲ್ಲಿ ಟನ್ನು ಅದಿರಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ಕೊಟ್ಟಿದ್ದ ನಾಳಗಳು ಕೊನೆಗಾಲದಲ್ಲಿ ಮೂರು ನಾಲ್ಕು ಗ್ರಾಮಿಗೆ ಇಳಿದಿದ್ದವು, ಮತ್ತು ಆ ಬಡ ಅದಿರನ್ನು ಎತ್ತಿ ತರಬೇಕಾದ ಆಳ ಮಾತ್ರ ಹೆಚ್ಚುತ್ತಲೇ ಇತ್ತು. ಆದರೆ ನಷ್ಟಕ್ಕೆ ಭೂಗರ್ಭವೊಂದೇ ಕಾರಣವಲ್ಲ. ಕೇಂದ್ರ ಸರ್ಕಾರ ಹಲವು ವರ್ಷ ಇಲ್ಲಿನ ಚಿನ್ನವನ್ನು ದೇಶದ ಮೀಸಲಿಗಾಗಿ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ, ಅಂದರೆ ಔನ್ಸಿಗೆ 35 ಡಾಲರಿನ ಲೆಕ್ಕದಲ್ಲಿ, ತೆಗೆದುಕೊಂಡಿತು. ದೇಶದೊಳಗಿನ ಮಾರುಕಟ್ಟೆಯಲ್ಲಿ ಅದೇ ಚಿನ್ನದ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಹೀಗೆ ಗಣಿಯ ಲೆಕ್ಕಪುಸ್ತಕದಲ್ಲಿ ನಷ್ಟವೆಂದು ಕಂಡದ್ದರಲ್ಲಿ ಒಂದು ಪಾಲು ವಾಸ್ತವದಲ್ಲಿ ದೇಶದ ಬೊಕ್ಕಸಕ್ಕೆ ಕಾರ್ಮಿಕರು ಸಲ್ಲಿಸಿದ ಕಾಣಿಕೆ. 1990ರ ದಶಕದಲ್ಲಿ ಈ ಗಣಿಯನ್ನು ತೆರಿಗೆದಾರರ ಮೇಲಿನ ಹೊರೆಯೆಂದು ಬಣ್ಣಿಸಿದ ಮಾತುಗಳಲ್ಲಿ ಈ ಹಳೆಯ ಲೆಕ್ಕ ಕಾಣಿಸಲೇ ಇಲ್ಲ, ಮತ್ತು ಅದು ದೊಡ್ಡ ಅನ್ಯಾಯ.

ಬದಲಿ ಉದ್ಯೋಗದ ವಿಚಾರದಲ್ಲಿ ಒಂದು ದೂರದೃಷ್ಟಿಯ ಹೆಜ್ಜೆ ಇಡಲಾಗಿತ್ತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ, ಅಂದರೆ ಮಣ್ಣು ಅಗೆಯುವ ಬೃಹತ್ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್, ಕೆ.ಜಿ.ಎಫ್.ನಲ್ಲಿ ನೆಲೆಯೂರಿ ಆ ಭಾಗದ ಯುವಕರಿಗೆ ಕೆಲಸ ಕೊಟ್ಟಿತು. ಗಣಿ ಇನ್ನೂ ನಡೆಯುತ್ತಿರುವಾಗಲೇ, ಅದರ ಕುಶಲಕರ್ಮಿಗಳ ಪಕ್ಕದಲ್ಲೇ ಬಂದ ಕಾರ್ಖಾನೆಯಾದ್ದರಿಂದ ಅದು ಬೇರೂರಿತು. ಇಂಥ ಇನ್ನೊಂದೆರಡು ಸಂಸ್ಥೆಗಳು ಮುಂದಿನ ಮೂವತ್ತು ವರ್ಷಗಳಲ್ಲಿ ಬಂದಿದ್ದರೆ 2001 ಬೇರೆಯದೇ ವರ್ಷವಾಗುತ್ತಿತ್ತು.

ಈ ನಡುವೆ ಕಾನೂನು ತನ್ನ ದಾರಿಯಲ್ಲಿ ನಡೆದುಬಂದಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿದ ಅಧ್ಯಾಯವೊಂದು, ಕೆಲಸದಿಂದ ತೆಗೆದ ಕಾರ್ಮಿಕನಿಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂದು ಮೊದಲ ಬಾರಿಗೆ ವಿಧಿಸಿತು. 1976ರಲ್ಲಿ ಇನ್ನೊಂದು ಅಧ್ಯಾಯ ಸೇರಿ, ದೊಡ್ಡ ಕಾರ್ಖಾನೆ, ಗಣಿ, ತೋಟಗಳನ್ನು ಮುಚ್ಚುವ ಮೊದಲು ಸರ್ಕಾರದ ಅನುಮತಿ ಪಡೆಯುವುದು ಕಡ್ಡಾಯವಾಯಿತು. ಗಣಿಯ ಮಾಲೀಕ ಕೇಂದ್ರ ಸರ್ಕಾರವೇ ಆಗಿರುವಾಗ ಅನುಮತಿ ಕೇಳುವವರೂ ಕೊಡುವವರೂ ಒಂದೇ ಸರ್ಕಾರದ ಎರಡು ಇಲಾಖೆಗಳಾದರು. ಕಾರ್ಮಿಕನ ರಕ್ಷಣೆಗಾಗಿ ಕಟ್ಟಿದ ಬಾಗಿಲು ಅಲ್ಲಿ ಬಾಗಿಲಾಗಿ ಉಳಿಯಲಿಲ್ಲ. ರೋಗಗ್ರಸ್ತ ಉದ್ಯಮಗಳ ಪುನಶ್ಚೇತನಕ್ಕೆಂದು 1985ರ ಕಾಯ್ದೆಯಡಿ ರಚನೆಯಾದ ಮಂಡಳಿಗೆ, ಜನ ಬಿಐಎಫ್‌ಆರ್ ಎಂದು ಕರೆಯುತ್ತಿದ್ದ ಸಂಸ್ಥೆಗೆ, ಬಿಜಿಎಂಎಲ್ ಪ್ರಕರಣ 1992ರಲ್ಲಿ ಹೋಯಿತು. ಅದೇ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿಯನ್ನೂ ಸ್ಥಾಪಿಸಿತು. ಆರ್ಥಿಕ ಉದಾರೀಕರಣದಿಂದ ಕೆಲಸ ಕಳೆದುಕೊಳ್ಳುವವರಿಗೆ ಹೊಸ ಕೌಶಲ ಕಲಿಸಿ, ಹೊಸ ಉದ್ಯೋಗ ಸೃಷ್ಟಿಸುವುದು ಅದರ ಘೋಷಿತ ಉದ್ದೇಶ. ಆದರೆ ಅದರ ಹಣದ ಬಹುಪಾಲು ಹೋದದ್ದು ಸ್ವಯಂ ನಿವೃತ್ತಿಯ ಪಾವತಿಗೆ. ಜನರನ್ನು ಹೊರಗೆ ಕಳಿಸುವ ಖರ್ಚು ಭರಿಸಲಾಯಿತು, ಹೊರಗೆ ಬಂದವರು ಹೋಗಬೇಕಾದ ಜಾಗ ಕಟ್ಟಲಾಗಲಿಲ್ಲ.

ಮಂಡಳಿ ಪುನಶ್ಚೇತನ ಅಸಾಧ್ಯವೆಂದು ಹೇಳಿತು. 2001ರ ಜನವರಿಯಲ್ಲಿ ಮುಚ್ಚುಗಡೆಗೆ ಅನುಮತಿ ದೊರೆತು, ಫೆಬ್ರುವರಿ 28ರಂದು ಕೆಲಸ ನಿಂತಿತು. ಒಂದು ಕಾಲಕ್ಕೆ 30,000ಕ್ಕೂ ಹೆಚ್ಚು ಜನ ದುಡಿದ ಗಣಿಗಳಲ್ಲಿ ಕೊನೆಗೆ ಉಳಿದಿದ್ದವರು ಸುಮಾರು ಮೂರೂವರೆ ಸಾವಿರ. ಅವರಿಗೆ ವಿಶೇಷ ನಿವೃತ್ತಿ ಪರಿಹಾರದ ಪ್ಯಾಕೇಜೊಂದು ಘೋಷಣೆಯಾಯಿತು, ಅದರ ಪಾವತಿಯ ಬಗ್ಗೆ ತಕರಾರುಗಳು ವರ್ಷಗಳವರೆಗೆ ಎಳೆದವು. ಆ ಪ್ಯಾಕೇಜಿನ ರಚನೆಯಲ್ಲೇ ದೋಷವಿತ್ತು. ಅದು ಸೇವಾವಧಿಯನ್ನು ಎಣಿಸಿತು. ಗಣಿಗೆ ಆತುಕೊಂಡು ಬದುಕುತ್ತಿದ್ದ ಅಂಗಡಿಯವನ, ಹಾಲಿನವಳ, ಟೀ ಕಾಸುವವನ, ಮಾರಿಕುಪ್ಪಂ ಆಂಡರ್ಸನ್‌ಪೇಟೆಗಳ ದರ್ಜಿಯ ಸೇವಾವಧಿ ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಮೊದಲೇ ನಿವೃತ್ತರಾಗಿ ಧೂಳಿನ ರೋಗದಿಂದ ನರಳುತ್ತಿದ್ದವರಿಗೆ ಆಸ್ಪತ್ರೆ ಬಾಗಿಲು ಮುಚ್ಚಿದ್ದೇ ದೊಡ್ಡ ನಷ್ಟ. ಅವರಿಗೆ ಆ ಪ್ಯಾಕೇಜಿನಲ್ಲಿ ಪಾಲಿರಲಿಲ್ಲ. ವಾಸದ ಮನೆಗಳನ್ನು ಕಾರ್ಮಿಕರಿಗೇ ಬಿಟ್ಟುಕೊಡುವ ಮಾತು ಬಂದರೂ ಹಕ್ಕುಪತ್ರದ ಕೆಲಸ ವರ್ಷಗಟ್ಟಲೆ ಕುಂಟಿತು. ಕೆಳಗಿನಿಂದ ನೀರೆತ್ತುವ ಪಂಪುಗಳು ನಿಂತುಹೋಗಿ, ಒಂದು ಶತಮಾನದ ಸುರಂಗಗಳಲ್ಲಿ ನೀರು ತುಂಬತೊಡಗಿತು. ಅದಿರು ಅರೆದು ಚಿನ್ನ ಸೋಸಿದ ನಂತರ ಉಳಿದ ಪುಡಿಯನ್ನು ರಾಶಿ ಹಾಕಿದ್ದ ಸೈನೈಡ್ ಗುಡ್ಡಗಳು, ಎಣಿಕೆಯಲ್ಲಿ ಹದಿಮೂರು, ಒಟ್ಟು ಸುಮಾರು 3.3 ಕೋಟಿ ಟನ್, ಹಾಗೆಯೇ ಉಳಿದವು. ಬೇಸಿಗೆಯ ಗಾಳಿಗೆ ಅವುಗಳ ಧೂಳು ಮನೆಗಳ ಮೇಲೆ ಬೀಳುವುದನ್ನು ತಡೆಯುವ ಹೊಣೆ ಹೊತ್ತ ಸಂಸ್ಥೆಯೇ ಇಲ್ಲವಾಗಿತ್ತು.

ಊರು ಆಗ ಹಿಡಿದದ್ದು ರೈಲಿನ ದಾರಿ. ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಮುಂಜಾವಿನ ರೈಲುಗಳು ಸಾವಿರಾರು ಜನರನ್ನು ತುಂಬಿಕೊಂಡು, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿನ ಕಟ್ಟಡ ಕೆಲಸಗಳಿಗೆ, ಗಾರ್ಮೆಂಟ್ಸ್‌ಗಳಿಗೆ, ಕಾವಲಿನ ಕೆಲಸಕ್ಕೆ, ಆಸ್ಪತ್ರೆ ಕಚೇರಿಗಳಿಗೆ ಒಯ್ಯತೊಡಗಿದವು. ಅವರೆಲ್ಲ ರಾತ್ರಿ ಮರಳುವ ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದರು. 1890ರ ದಶಕದಲ್ಲಿ ಗಣಿಗೆ ಸಾಮಾನು ತರಲೆಂದು ಹಾಕಿದ ಹಳಿಗಳೇ ಗಣಿ ಸತ್ತ ಮೇಲೆ ಊರಿನ ಹೊಟ್ಟೆ ಹೊರೆದವು. ಇದನ್ನು ಜನರ ಛಲವೆಂದು ಮೆಚ್ಚಬೇಕಾದದ್ದೇ. ಆದರೆ ರಾಯಚೂರಿನ ಕಣ್ಣಿನಿಂದ ನೋಡಿದರೆ ಇದು ದಿನವೂ ನಡೆಯುವ ಗುಳೆ. ಒಂದು ಊರು ತಾನೇ ತನಗೆ ಒದಗಿಸಿಕೊಂಡ ನೆರವನ್ನು ಸರ್ಕಾರದ ಪುನರ್ವಸತಿಯ ಸಾಧನೆಯೆಂದು ಎಣಿಸಲು ಬರುವುದಿಲ್ಲ.

ಕಾರ್ಮಿಕರು ಮುಂದಿಟ್ಟ ಪರ್ಯಾಯ ಅದಕ್ಕಿಂತ ಬಹಳ ಗಂಭೀರವಾದದ್ದು. ಕಾರ್ಮಿಕರು, ಮೇಲ್ವಿಚಾರಕರು, ಅಧಿಕಾರಿಗಳು ಒಟ್ಟಾಗಿ ಸಹಕಾರ ಸಂಘ ಕಟ್ಟಿ, ಗಣಿಯನ್ನು ತಾವೇ ನಡೆಸುವುದಾಗಿ ಮುಂದೆ ಬಂದರು. ಸಹಕಾರ ಸಂಘವೆಂದರೆ ಸದಸ್ಯರೇ ಒಡೆಯರಾಗಿ, ಪ್ರತಿಯೊಬ್ಬರಿಗೂ ಒಂದೇ ಮತವಿರುವ ಸಂಸ್ಥೆ. ಹಾಲು ಸಕ್ಕರೆಗಳಲ್ಲಿ ಕರ್ನಾಟಕ ಅದನ್ನು ಚೆನ್ನಾಗಿ ಬಲ್ಲದು, ಗಣಿಯಲ್ಲಿ ಅಂಥ ಪ್ರಯೋಗ ಹೊಸದು. ಮುಚ್ಚುಗಡೆಯನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಕರ್ನಾಟಕ ಹೈಕೋರ್ಟ್ 2003ರಲ್ಲಿ ಮುಚ್ಚುಗಡೆಯನ್ನು ಎತ್ತಿಹಿಡಿದರೂ, ಕಾರ್ಮಿಕರ ಸಂಘಕ್ಕೆ ಅವಕಾಶ ಕೊಡುವ ಸಾಧ್ಯತೆಯನ್ನು ಪರಿಶೀಲಿಸುವಂತೆ ಸರ್ಕಾರಕ್ಕೆ ಸೂಚಿಸಿತು. 2006ರಲ್ಲಿ ಕೇಂದ್ರ ಸರ್ಕಾರ ಗಣಿಯ ಆಸ್ತಿಯನ್ನು ಟೆಂಡರಿನ ಮೂಲಕ ಮಾರಲು, ಬಂದ ಬೆಲೆಯನ್ನು ಸರಿಗಟ್ಟಿದರೆ ಸಂಘಕ್ಕೇ ಮೊದಲ ಆದ್ಯತೆ ಕೊಡಲು ತೀರ್ಮಾನಿಸಿತು. ಮೇಲ್ನೋಟಕ್ಕೆ ಉದಾರವಾದ ಈ ಷರತ್ತಿನಲ್ಲಿ ಕಷ್ಟವೂ ಅಡಗಿತ್ತು: ಸಂಬಳ ನಿಂತು ವರ್ಷಗಳಾದ ಜನ ಅಂತರರಾಷ್ಟ್ರೀಯ ಕಂಪನಿಗಳು ಕೂಗುವ ಬೆಲೆಗೆ ಸರಿಸಮನಾಗಿ ಹಣ ಹೊಂದಿಸಬೇಕಿತ್ತು. ವ್ಯಾಜ್ಯ ಬೆಳೆದು, 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್ ಕರೆಯಲು ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ಗಣಿ ಮುಚ್ಚಿ ಹನ್ನೆರಡು ವರ್ಷ. ಚಿನ್ನದ ಬೆಲೆ ಆ ಹನ್ನೆರಡು ವರ್ಷಗಳಲ್ಲಿ ಹಲವು ಪಟ್ಟು ಏರಿತ್ತು. ನಾಳಗಳ ಜಾಡು ಬಲ್ಲ, ಬಂಡೆಯ ಸದ್ದು ಕೇಳಿಯೇ ಅಪಾಯ ಗುರುತಿಸಬಲ್ಲ ತಲೆಮಾರು ಮುಪ್ಪಾಗಿತ್ತು. ಯಂತ್ರಗಳು ತುಕ್ಕು ಹಿಡಿದರೆ ಹೊಸತು ಕೊಳ್ಳಬಹುದು, ಆ ತಿಳಿವಳಿಕೆಯನ್ನು ಯಾವ ಟೆಂಡರೂ ತಂದುಕೊಡಲಾರದು. 2024ರ ಜೂನ್‌ನಲ್ಲಿ ಸೈನೈಡ್ ಗುಡ್ಡಗಳ ಪುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಇದಕ್ಕಿಂತ ಬೇರೆ ರೀತಿಯಲ್ಲಿ ಗಣಿ ಮುಚ್ಚಲು ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ಜರ್ಮನಿಯ ರೂರ್ ಕಣಿವೆ ಉತ್ತರ ಕೊಡುತ್ತದೆ. ಅಲ್ಲಿನ ಕಲ್ಲಿದ್ದಲು ಗಣಿಗಳು 1950ರ ದಶಕದ ಕೊನೆಯಿಂದಲೇ ಕುಸಿಯತೊಡಗಿದವು. ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ಆರು ದಶಕಗಳ ಈ ನಿಧಾನ ಉದ್ದೇಶಪೂರ್ವಕವಾದದ್ದು. 1968ರಲ್ಲಿ ಬಹುತೇಕ ಗಣಿಗಳನ್ನು ಒಂದೇ ಕಂಪನಿಯಡಿ ತರಲಾಯಿತು, ವಯಸ್ಸಾದವರಿಗೆ ಮುಂಚಿತ ನಿವೃತ್ತಿ ವೇತನ, ಕಿರಿಯರಿಗೆ ಬೇರೆ ಗಣಿಗೆ ವರ್ಗ ಅಥವಾ ಹೊಸ ಕಸುಬಿನ ತರಬೇತಿ ದೊರೆಯಿತು. ಅದಕ್ಕೂ ಮೊದಲೇ, ವಿಶ್ವವಿದ್ಯಾಲಯವೇ ಇರದಿದ್ದ ಆ ಸೀಮೆಯಲ್ಲಿ, 1965ರಲ್ಲಿ ಬೋಖುಮ್ ವಿಶ್ವವಿದ್ಯಾಲಯ ತೆರೆಯಿತು. 1986ರಲ್ಲಿ ಮುಚ್ಚಿದ ತ್ಸೋಲ್‌ಫೆರಾಯಿನ್ ಗಣಿ 2001ರಲ್ಲಿ, ಕೆ.ಜಿ.ಎಫ್. ಮುಚ್ಚಿದ ವರ್ಷವೇ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ಸುರಂಗಗಳಿಂದ ನೀರೆತ್ತುವ ಕೆಲಸ ಎಂದೆಂದಿಗೂ ನಡೆಯಬೇಕಾದ್ದರಿಂದ ಅದರ ಖರ್ಚಿಗೆಂದೇ 2007ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಲಾಯಿತು. ಜರ್ಮನಿ ಶ್ರೀಮಂತ ದೇಶ, ಅದರ ಖರ್ಚಿನ ಪ್ರಮಾಣ ಭಾರತಕ್ಕೆ ಎಟುಕದು, ರೂರ್‌ನಲ್ಲಿ ನಿರುದ್ಯೋಗವೂ ಪೂರ್ತಿ ನೀಗಲಿಲ್ಲ ಎಂಬುದೆಲ್ಲ ನಿಜ. ಆದರೆ ಗಣಿ ನಡೆಯುತ್ತಿರುವಾಗಲೇ ಅದರ ಸಾವಿಗೆ ಸಿದ್ಧತೆ ಮಾಡಬೇಕೆಂಬ ವಿವೇಕಕ್ಕೆ ಹಣಕ್ಕಿಂತ ಮೊದಲು ಮನಸ್ಸು ಬೇಕು.

ಅಂಥ ಮನಸ್ಸಿನ ಉದಾಹರಣೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ಸಿಂಧನೂರು ತಾಲ್ಲೂಕಿಗೆ ತಂದು ನೆಲೆಗೊಳಿಸಿದಾಗ, ಸರ್ಕಾರ ಅವರ ಕೈಗೆ ಒಂದಿಷ್ಟು ಹಣವಿತ್ತು ಕೈತೊಳೆದುಕೊಳ್ಳಲಿಲ್ಲ. ಜಮೀನು, ಮನೆಯ ಜಾಗ, ಕಾಲುವೆಯ ನೀರು ಸಿಗುವ ಊರುಗಳನ್ನು ಕಟ್ಟಿಕೊಟ್ಟಿತು. ಇಂದಿಗೂ ಜನ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಈ ಪುನರ್ವಸತಿ ಶಿಬಿರಗಳಲ್ಲಿ ಪೌರತ್ವ, ಜಾತಿ ಪ್ರಮಾಣಪತ್ರಗಳ ತೊಡಕುಗಳು ಮುಗಿದಿಲ್ಲ, ಆದರೂ ಅವು ಊರುಗಳಾಗಿ ನಿಂತಿವೆ. ಅಲ್ಲಿ ನೆರವಿನ ಘಟಕ ಒಬ್ಬ ವ್ಯಕ್ತಿಯಾಗಿರದೆ ಒಂದು ವಸತಿಯಾಗಿತ್ತು. ಕೆ.ಜಿ.ಎಫ್.ಗೆ ದಕ್ಕದ್ದು ಈ ದೃಷ್ಟಿ.

ಕೋಲಾರ ಮುಚ್ಚಿದ ಎರಡು ವರ್ಷಗಳ ನಂತರ, 2003ರಲ್ಲಿ, ಖನಿಜ ಸಂರಕ್ಷಣೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಗಣಿ ನಡೆಸುವ ಪ್ರತಿಯೊಬ್ಬರೂ ಅದನ್ನು ಮುಚ್ಚುವ ಯೋಜನೆಯನ್ನು ಮುಂಚಿತವಾಗಿ ಸಲ್ಲಿಸಿ, ಅದಕ್ಕೆ ಹಣಕಾಸಿನ ಭದ್ರತೆಯನ್ನೂ ಇಡಬೇಕೆಂಬ ನಿಯಮ ಬಂತು. ಆ ಯೋಜನೆಯಲ್ಲಿ ಕೆಲಸ ಕಳೆದುಕೊಳ್ಳುವವರ ಬಗ್ಗೆ, ಸುತ್ತಲಿನ ಜನರ ಬದುಕಿನ ಮೇಲಾಗುವ ಆರ್ಥಿಕ ಪರಿಣಾಮದ ಬಗ್ಗೆ ಒಂದು ಅಧ್ಯಾಯವಿರಬೇಕು. 2015ರಲ್ಲಿ ಗಣಿ ಕಾಯ್ದೆಗೆ ಆದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು; ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, ಹಳೆಯ ಗುತ್ತಿಗೆಗಳಾದರೆ ಅದರ ಶೇಕಡಾ 30ರಷ್ಟನ್ನು, ಗಣಿಬಾಧಿತ ಪ್ರದೇಶದ ಜನರಿಗಾಗಿ ಈ ನಿಧಿಗೆ ಕೊಡಬೇಕು. ಇವೆರಡೂ ಕೋಲಾರಕ್ಕೆ ತಡವಾಗಿ ಬಂದವು, ಹಟ್ಟಿಗೆ ಇನ್ನೂ ಹೊತ್ತಿದೆ. ಹಟ್ಟಿಯಲ್ಲಿ ಇಂದು ಸುಮಾರು ನಾಲ್ಕು ಸಾವಿರ ಜನರ ದುಡಿಮೆಯಿಂದ ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು ಚಿನ್ನ ಹೊರಬರುತ್ತಿದೆ. ಕಂಪನಿ ರಾಜ್ಯ ಸರ್ಕಾರದ ಲಾಭದ ಉದ್ಯಮ. ದೇವದುರ್ಗ ತಾಲ್ಲೂಕಿನ ಊಟಿಯಂಥ ಹೊಸ ನೆಲೆಗಳಿಂದಲೂ ಅದಿರು ಬರುತ್ತದೆ. ಆದರೆ ಇಲ್ಲೂ ಮನೆ, ನೀರು, ಆಸ್ಪತ್ರೆಗಳ ಭಾರದ ದೊಡ್ಡ ಪಾಲು ಕಂಪನಿಯ ಹೆಗಲ ಮೇಲಿದೆ. ಹಟ್ಟಿ ಪಟ್ಟಣ ಪಂಚಾಯಿತಿ, ತಾಲ್ಲೂಕು ಆಸ್ಪತ್ರೆ, ಕುಡಿಯುವ ನೀರಿನ ಯೋಜನೆಗಳು ಅದನ್ನು ಒಂದೊಂದಾಗಿ ಹೊತ್ತುಕೊಳ್ಳಲು ಬೇಕಾದ ವರ್ಷಗಳು ಗಣಿ ಲಾಭದಲ್ಲಿರುವ ಈ ವರ್ಷಗಳೇ. ಮುಚ್ಚುವ ಯೋಜನೆಯ ಅಧ್ಯಾಯದಲ್ಲಿ ಕಾಯಂ ನೌಕರರ ಹೆಸರುಗಳು ಹಾಜರಿ ಪುಸ್ತಕದಿಂದ ಸಲೀಸಾಗಿ ಬರುತ್ತವೆ. ಗುತ್ತಿಗೆದಾರರ ಮೂಲಕ ದುಡಿಯುವವರು ಗುತ್ತಿಗೆದಾರರ ದಾಖಲೆಗಳಲ್ಲಿರುತ್ತಾರೆ, ಆ ದಾಖಲೆ ಗುತ್ತಿಗೆ ಮುಗಿದಾಗ ಬದಲಾಗುತ್ತದೆ. ಲಿಂಗಸುಗೂರು, ಮಸ್ಕಿ, ದೇವದುರ್ಗಗಳ ಒಣಭೂಮಿಯ ಹಳ್ಳಿಗಳಿಂದ ಗಣಿಗೆ ಬರುವ ಅವರನ್ನು ಊರೂರಿನ ಲೆಕ್ಕದಲ್ಲಿ ಬರೆದಿಡುವ ಕೆಲಸದಿಂದಲೇ ಆ ಅಧ್ಯಾಯ ಶುರುವಾಗಬೇಕಿದೆ.